ಹದಿನಾರು ಗುಂಗುರು, ಒಂದು ಡಬ್ಬಿ ಸ್ಪ್ರೇ

೨೦೦೦ದ ಜೂನ್ ೧೧, ಭಾನುವಾರ, ಬೆಳಗ್ಗೆ ಹನ್ನೊಂದೂಕಾಲಕ್ಕೆ, ಖಾನಾಪುರದ ಒಂದು ಮದುವೆ ಮನೆಯಲ್ಲಿ, ನನ್ನ ವೈನಿ, ಅಂದರೆ ಅಣ್ಣನ ಹೆಂಡತಿ, ಮದುಮಗಳ ತಲೆಗೆ ಸುತ್ತಿದ್ದ ಇಪ್ಪತ್ತೆರಡು ಗುಂಗುರುಗಳಲ್ಲಿ ಹದಿನಾರು ಬಿಚ್ಚಿ ನೆಟ್ಟಗಾದವು. ಅಕ್ಕಿಕಾಳು, ಅಂದರೆ ಅಕ್ಷತೆ, ಬೀಳಲು ಇನ್ನೂ ಇಪ್ಪತ್ತೈದು ನಿಮಿಷವಿತ್ತು.

ಎಣಿಸಿದವಳು ನಾನು. ಒಂದು ಗುಂಗುರಿಗೆ ಎರಡು ಪಿನ್ನಿನಂತೆ ವೈನಿಯ ಕೈಗೆ ನಲವತ್ತನಾಲ್ಕು ಪಿನ್ನು ಕೊಟ್ಟಿದ್ದೆ. ಆಗ ನಾನು ಬೆಳಗಾವಿಯ ಒಂದು ಕನ್ನಡ ದಿನಪತ್ರಿಕೆಯ ಕಚೇರಿಯಲ್ಲಿ ಉಪಸಂಪಾದಕಿ. ಊರೂರಿನಿಂದ ಬರುವ ವರದಿಗಳಲ್ಲಿ ಸಂಖ್ಯೆ, ಹೊತ್ತು, ಜಾಗ ಸರಿಯಾಗಿವೆಯೇ ಎಂದು ನೋಡುವುದು ನನ್ನ ಕೆಲಸ. ರಜೆಯ ದಿನ ಮಾತ್ರ ವೈನಿಯ ಪಾರ್ಲರಿನಲ್ಲಿ ಕೈಯಾಳು.

ಪಾರ್ಲರ್ ಇದ್ದದ್ದು ಹಿಂದವಾಡಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ. ಅಣ್ಣ ಆ ಕೋಣೆಯನ್ನು ಬಿಟ್ಟುಕೊಟ್ಟಿದ್ದು ಒಲ್ಲದ ಮನಸ್ಸಿನಿಂದ. "ದೀಪಾವಳಿ ತನಕ ನೋಡೂಣು. ಮದುವಿ ಕೆಲಸ ಸಿಕ್ಕರ ಇರಲಿ, ಇಲ್ಲಾಂದ್ರ ಕುರ್ಚಿ ಕನ್ನಡಿ ಅಟ್ಟಕ್ಕ ಹಾಕೂಣು" ಎಂದಿದ್ದ. ಹುಬ್ಬು ತಿದ್ದಿಸಿಕೊಳ್ಳಲು, ಕೂದಲ ತುದಿ ಕತ್ತರಿಸಿಕೊಳ್ಳಲು ಓಣಿಯವರು ಬರುತ್ತಿದ್ದರು. ಮದುವೆಯ ಕೆಲಸ ಎಂದು ಬಂದದ್ದು ಖಾನಾಪುರದ್ದೇ ಮೊದಲು. ತಂದುಕೊಟ್ಟವರು ಮದುಮಗಳ ಸೋದರತ್ತೆ, ಬೆಳಗಾವಿಯದೇ ಸದಾಶಿವನಗರದವರು. ಆ ಮನೆತನದಲ್ಲಿ ತುಳಸಿ ಲಗ್ನದ ನಂತರ ಇನ್ನೆರಡು ಮದುವೆ ಇದ್ದವು. ಇದು ಸರಿಹೋದರೆ ಅವೂ ವೈನಿಗೇ ಎಂದು ಅವರು ಮಾತು ಕೊಟ್ಟಿದ್ದರು. ಪಾರ್ಲರ್ ಉಳಿಯುತ್ತದೋ ಇಲ್ಲವೋ ಎಂಬುದು ಹೀಗೆ ಒಂದು ತಲೆಯ ಮೇಲೆ ಬಂದು ನಿಂತಿತ್ತು.

ಹಿಂದಿನ ದಿನ, ಶನಿವಾರ ಮಧ್ಯಾಹ್ನ, ನಾನು ಕಚೇರಿಗೆ ಹೊರಟಾಗ ವೈನಿ ಬಚ್ಚಲ ನಲ್ಲಿಯ ಕೆಳಗೆ ಒಂದು ಪ್ಲಾಸ್ಟಿಕ್ ಬಾಟಲಿ ಹಿಡಿದು ನೀರು ತುಂಬುತ್ತಿದ್ದರು. ತಲೆ ಒತ್ತಿದರೆ ತುಂತುರು ಬರುವ ಬಾಟಲಿ. ನನ್ನನ್ನು ಕಂಡು ಮುಚ್ಚಳ ತಿರುವಿ ಸೆರಗಿನ ಮರೆಗೆ ಹಿಡಿದರು. ಹಾಗೆ ಅಡಗಿಸುವಂಥದ್ದು ಅದರಲ್ಲಿ ಏನಿತ್ತು ಎಂದು ಆಗ ಅನ್ನಿಸಲಿಲ್ಲ. ಮರುದಿನ ಅನ್ನಿಸಿತು.

ಭಾನುವಾರ ಆರು ಗಂಟೆಯ ಬಸ್ಸಿಗೆ ಹೊರಟೆವು. ಮಳೆಗಾಲ ಹಿಡಿದು ಒಂದು ವಾರವಾಗಿತ್ತು. ಬೆಳಗಾವಿಯಲ್ಲಿ ಬಿಟ್ಟು ಬಿಟ್ಟು ಬರುತ್ತಿದ್ದ ಮಳೆ ಖಾನಾಪುರದಲ್ಲಿ ಬಿಡದೆ ಹಿಡಿದಿತ್ತು. ಮದುವೆ ಮನೆಯಲ್ಲಿ ಹಗ್ಗದ ಮೇಲೆ ಹಾಕಿದ ಸೀರೆಗಳು ಎರಡು ದಿನದಿಂದ ಒಣಗಿರಲಿಲ್ಲ. ಗೋಡೆಗೆ ಕೈ ಹಚ್ಚಿದರೆ ಕೈ ಒದ್ದೆಯಾಗುತ್ತಿತ್ತು. ಮನೆಯವರು ತಮ್ಮೊಳಗೆ ಮರಾಠಿ, ನಮ್ಮ ಜೊತೆ ಕನ್ನಡ ಮಾತನಾಡುತ್ತಿದ್ದರು. ನಮಗೆ ಎರಡೂ ತಿಳಿಯುತ್ತವೆಂದು ಅವರಿಗೂ ಗೊತ್ತಿತ್ತು. ಹಾಗಾಗಿ ನಮಗೆ ಕೇಳಬಾರದ್ದನ್ನು ದನಿ ಇಳಿಸಿ ಆಡಿದರು.

ಮದುಮಗಳಿಗೆ ನೆಟ್ಟಗಿನ, ಜಾರುವ, ಸೊಂಟದವರೆಗಿನ ಕೂದಲು. ಮೇಲೆ ತುರುಬು, ತುರುಬಿನ ಕೆಳಗೆ ಇಳಿಬಿದ್ದ ಗುಂಗುರು, ಕಿವಿಯ ಮುಂದೆ ಎರಡೂ ಕಡೆ ಮೂರು ಮೂರು ಎಳೆ ಬೇಕು ಎಂದು ಅವಳೇ ಕೇಳಿದ್ದಳು. ಸುರಗಿ ಶಾಸ್ತ್ರದ ನೀರು ತಲೆಗೆ ಹಾಕಿ ಮೀಯಿಸಿ ಅವಳನ್ನು ನಮ್ಮ ಕೋಣೆಗೆ ಕರೆತಂದಾಗ ಏಳೂ ನಲವತ್ತು. ಏಳಕ್ಕೇ ಕರೆತರುತ್ತೇವೆ ಎಂದಿದ್ದರು.

"ಕರೆಂಟ್ ಎಷ್ಟೊತ್ತು ಇರತೈತ್ರಿ?" ಎಂದು ವೈನಿ ಕೇಳಿದರು.

"ಒಂಬತ್ತೂವರಿಗೆ ಹೋಗೂದು ಅಂತೂ ಖರೇ" ಎಂದರು ಸೋದರತ್ತೆ. "ಅದಕ್ಕಿಂತ ಮೊದಲ ಹೋದ್ರ ನಮ್ಮ ಕಡೆ ಹೇಳಬ್ಯಾಡ್ರಿ."

ಗೋಡೆಯಲ್ಲಿ ಇದ್ದದ್ದು ಒಂದೇ ಪ್ಲಗ್ಗು. ಡ್ರೈಯರ್ ಹಚ್ಚಿದರೆ ಗುಂಗುರು ಮಾಡುವ ರಾಡಿಗೆ ಜಾಗವಿಲ್ಲ, ರಾಡು ಹಚ್ಚಿದರೆ ಡ್ರೈಯರಿಗೆ ಇಲ್ಲ. ವೈನಿ ಹತ್ತು ನಿಮಿಷ ಡ್ರೈಯರ್ ಹಿಡಿದು, ಗಡಿಯಾರ ನೋಡಿ, ಅದನ್ನು ತೆಗೆದು ರಾಡು ಹಚ್ಚಿದರು. ಮೊದಲ ಎಳೆಯನ್ನು ಸುತ್ತಿದಾಗ ಚುಂಯ್ ಎಂದು ಸಣ್ಣ ಸದ್ದು ಬಂತು, ಎಳ್ಳಷ್ಟು ಹಬೆ ಎದ್ದಿತು. ಎರಡನೆಯದಕ್ಕೂ ಬಂತು. ಎಲ್ಲಿಯವರೆಗೆ ಬಂತು ಎಂದು ನಾನು ಹೇಳಲಾರೆ. ಹನ್ನೊಂದನೆಯ ಗುಂಗುರು ಆದ ಮೇಲೆ ಚಹಾ ತರಲು ಹೋದೆ. ವಾಪಸು ಬಂದಾಗ ಹದಿನಾಲ್ಕು ಆಗಿದ್ದವು. ಆ ಹತ್ತು ನಿಮಿಷ ಕೋಣೆಯಲ್ಲಿ ಏನಾಯಿತು ಎಂಬುದಕ್ಕೆ ನಾನು ಸಾಕ್ಷಿಯಲ್ಲ.

ಒಂಬತ್ತೂಕಾಲಕ್ಕೆ ಕೆಲಸ ಮುಗಿಯಿತು. ವೈನಿ ಹಸಿರು ಡಬ್ಬಿಯ ಸ್ಪ್ರೇಯನ್ನು ಒಂದು ಮೊಳ ದೂರದಿಂದ ಸುತ್ತಲೂ ಹೊಡೆದರು. ಡಬ್ಬಿ ಮುಂಬೈಯಿಂದ ತರಿಸಿದ್ದು. ಗುಂಗುರುಗಳು ಚೆನ್ನಾಗಿದ್ದವು. ಮದುಮಗಳು ಕನ್ನಡಿಯಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ ನೋಡಿ ನಕ್ಕಳು. ಹಲ್ಲಿಲ್ಲದ ಆಯಿ, ಅಂದರೆ ಮದುಮಗಳ ಅಜ್ಜಿ, ಬಂದು ಒಂದು ಗುಂಗುರನ್ನು ಬೆರಳಿಂದ ಮುಟ್ಟಿದರು.

"ಅಯ್ಯ, ಕಡ್ಡಿ ಆಗ್ಯಾವಲ್ಲ. ಸುಟ್ಟಿ ಏನವಾ?"

"ಇಲ್ರೀ ಆಯಿ, ಸಂಜಿಗೆ ನೀರು ಹಾಕಿ ತೊಳದ್ರ ಮೊದಲಿನಂಗ ಆಗ್ತಾವ."

ಆಯಿ ತಲೆ ಆಡಿಸಿ ಹೋದರು. ಆಮೇಲೆ ಮಲ್ಲಿಗೆಯ ದಂಡಿ ಬಂತು. ಬೆಳಗಾವಿಯ ಪೇಟೆಯಿಂದ ಹಿಂದಿನ ರಾತ್ರಿಯೇ ತಂದು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ, ಕೈ ಗಾತ್ರದ ಹೂಮಾಲೆ. ಅದನ್ನು ಮುತ್ತೈದೆಯರೇ ಮುಡಿಸಬೇಕು, ಪಾರ್ಲರಿನವರಲ್ಲ ಎಂದು ನಮ್ಮನ್ನು ನಾಷ್ಟಾದ ಪಂಕ್ತಿಯ ಕಡೆ ಕಳಿಸಿದರು. ಮದುಮಗಳ ತಲೆಗೆ ಸೆರಗು ಹೊದಿಸಿ ದೇವರ ಕೋಣೆಯಲ್ಲಿ ಕೂರಿಸಿದರು.

ಹನ್ನೊಂದೂಕಾಲಕ್ಕೆ ಸೆರಗು ತೆಗೆದಾಗ ಬೆನ್ನ ಮೇಲಿನ ಹದಿನಾರೂ ನೆಟ್ಟಗಾಗಿದ್ದವು. ಒಂದಕ್ಕೊಂದು ಅಂಟಿಕೊಂಡಿದ್ದವು. ಕಿವಿಯ ಮುಂದಿನ ಆರು ಹಾಗೇ ಇದ್ದವು.

"ಏನ್ರೀ ಪಾರ್ಲರ್ ಬಾಯಿ" ಎಂದರು ಸೋದರತ್ತೆ, ಎಲ್ಲರಿಗೂ ಕೇಳುವಂತೆ. "ಇವು ಗುಂಗುರೋ, ಶ್ಯಾವಗಿಯೋ?"

"ಹವಾ ಥಂಡಿ ಐತ್ರಿ ಅಕ್ಕಾರ. ಒಂದೀಟು ಬಿಚ್ಚತಾವ."

"ಹವಾ ಹಿಂದಿನ ಕೂದಲಿಗೆ ಬ್ಯಾರೆ, ಮುಂದಿನ ಕೂದಲಿಗೆ ಬ್ಯಾರೆ ಬೀಸತೈತೇನು? ಮುಂದಿನ್ವು ಯಾಕ ಬಿಚ್ಚಿಲ್ಲ? ಮುಂದ ಫೋಟೋದಾಗ ಕಾಣ್ತಾವಂತ ಖರೇ ಸ್ಪ್ರೇ ಹೊಡದೀರಿ. ಹಿಂದ ನೀರು."

"ನೀರು ಹೊಡದಿಲ್ರೀ."

"ಮತ್ತ ಆ ಬಾಟಲಿ ಯಾತರದು?"

ವೈನಿಯ ಪೆಟ್ಟಿಗೆಯ ಬಾಯಿ ತೆರೆದಿತ್ತು. ಪ್ಲಾಸ್ಟಿಕ್ ಬಾಟಲಿ ಎಲ್ಲರಿಗೂ ಕಾಣುತ್ತಿತ್ತು. ಅರ್ಧ ಖಾಲಿಯಾಗಿತ್ತು. ಸೋದರತ್ತೆ ಅದನ್ನು ಎತ್ತಿ ಅಂಗೈಗೆ ಎರಡು ಸಲ ಒತ್ತಿ, ಮೂಸಿ, ಪಕ್ಕದವರಿಗೂ ಮೂಸಲು ಕೊಟ್ಟರು. ವೈನಿ ನನ್ನ ಮುಖ ನೋಡಿದರು. ಅದರಲ್ಲಿ ನೀರೇ ಇದೆಯೆಂದು ನನಗೆ ಗೊತ್ತಿತ್ತು. ಅದನ್ನು ಎಲ್ಲಿ ಹೊಡೆದರೆಂದು ಗೊತ್ತಿರಲಿಲ್ಲ. ನಾನು ಕೆಳಗೆ ಬಿದ್ದ ಪಿನ್ನುಗಳನ್ನು ಆರಿಸತೊಡಗಿದೆ.

ಮದುಮಗಳು ಅಂದದ್ದು ಒಂದೇ ಮಾತು: "ಸಂಜೀತನಕ ಇರ್ತಾವ ಅಂದಿದ್ರಿ."

ವೈನಿ ಬಿಚ್ಚಿದ ಕೂದಲನ್ನೆಲ್ಲ ಕೂಡಿಸಿ ಏಳೇ ನಿಮಿಷದಲ್ಲಿ ಜಡೆ ಹೆಣೆದರು. ಅಂತರಪಟ ಸರಿಯಿತು, ಅಕ್ಕಿಕಾಳು ಬಿದ್ದವು. ನಮ್ಮನ್ನು ಊಟಕ್ಕೆ ಇರಿ ಎಂದು ಯಾರೂ ಅನ್ನಲಿಲ್ಲ.

ವಾಪಸು ಬಸ್ಸು ದೇಸೂರು ದಾಟಿತು. ಆಮೇಲೆ ನಾನು ಕೇಳಿದೆ.

"ವೈನಿ, ಬಾಟಲಿ ನೀರು ಎದಕ್ಕ ಬಳಸಿದ್ರಿ?"

"ನೀನೂ ಸುರು ಮಾಡಿದಿ ಏನವಾ?"

"ಕೇಳಾಕತ್ತೀನಿ ಅಷ್ಟ."

"ನೆತ್ತಿ ಮ್ಯಾಲ ಸಣ್ಣ ಕೂದಲು ಎದ್ದು ನಿಂದ್ರತಾವ. ಅವನ್ನ ಕೂಡ್ರಸಾಕ. ತುರುಬು ಕಟ್ಟೂಕಿಂತ ಮೊದಲು. ಎಲ್ಲಾ ಪಾರ್ಲರಿನ್ಯಾಗೂ ಮಾಡ್ತಾರ."

"ಹಂಗಿದ್ರ ನಿನ್ನಿ ನನ್ನ ನೋಡಿ ಯಾಕ ಮುಚ್ಚಿದ್ರಿ?"

"ಸ್ಪ್ರೇ ಬಾಟಲಿಗೆ ನಲ್ಲಿ ನೀರು ತುಂಬಾಕತ್ತಾಳ ಅಂತ ನೀ ತಿಳಕೊಂಡೀ ಅಂತ." ಕಿಟಕಿಯ ಕಡೆ ತಿರುಗಿ, "ತಿಳಕೊಂಡೀದಿ ಬಿಡು" ಎಂದರು.

ಮುಂದಿನ ಹತ್ತು ದಿನದಲ್ಲಿ ಮಾತು ಹಿಂದವಾಡಿಗೆ ಬಂದು ಮುಟ್ಟಿತು. ಹುಬ್ಬು ತಿದ್ದಿಸಿಕೊಳ್ಳಲು ಬಂದ ಒಬ್ಬರು ಮೇಜಿನ ಮೇಲಿನ ಬಾಟಲಿ ನೋಡಿ, "ಇದ ಏನ್ರೀ ಆ ಬಾಟಲಿ?" ಎಂದು ನಕ್ಕರು. ತಿಂಗಳ ಕೊನೆಗೆ ಬರಬೇಕಾಗಿದ್ದ ಇನ್ನೊಬ್ಬರು ಬರಲೇ ಇಲ್ಲ. ಅಣ್ಣ ಒಂದು ಸಂಜೆ ಕನ್ನಡಿಯ ಅಗಲವನ್ನು ಗೇಣಿನಿಂದ ಅಳೆದದ್ದನ್ನು ನಾನು ನೋಡಿದೆ.

ನಾನು ವೈನಿಯನ್ನು ನಂಬಿದ್ದೆನೆಂದು ಹೇಳಿದರೆ ಸುಳ್ಳಾಗುತ್ತದೆ. ಸೋದರತ್ತೆಯನ್ನೂ ನಂಬಿರಲಿಲ್ಲ. ಜುಲೈ ತಿಂಗಳ ಒಂದು ರಜೆಯ ದಿನ ನನ್ನದೇ ಕೂದಲ ಮೇಲೆ ಪರೀಕ್ಷೆ ಮಾಡೋಣ ಎಂದೆ. ನನ್ನವೂ ನೆಟ್ಟಗಿನ ಕೂದಲೇ. ಹೊರಗೆ ಮಳೆ ಇತ್ತು, ಕಿಟಕಿ ತೆರೆದಿಟ್ಟೆವು. ಕಚೇರಿಯಿಂದ ತಂದ ಟೆಲಿಪ್ರಿಂಟರ್ ಹಾಳೆಯ ಹಿಂಬದಿಯಲ್ಲಿ ಹೊತ್ತು ಬರೆದುಕೊಂಡೆ.

ಮೊದಲು ಪೂರ್ತಿ ಒಣಗಿದ ಎಳೆ. ರಾಡಿಗೆ ಸುತ್ತಿದಾಗ ಸದ್ದು ಬರಲಿಲ್ಲ. ತಣ್ಣಗಾಗುವವರೆಗೆ ಪಿನ್ನು ಹಾಕಿಟ್ಟು, ಬಿಡಿಸಿ, ಹಸಿರು ಡಬ್ಬಿಯಿಂದ ಹೊಡೆದರು. ಬೆಳಗ್ಗೆ ಹತ್ತಕ್ಕೆ ಮಾಡಿದ್ದು ಸಂಜೆ ಆರಕ್ಕೂ ಇತ್ತು. ಸ್ವಲ್ಪ ಉದ್ದವಾಗಿತ್ತು, ಬಿಚ್ಚಿರಲಿಲ್ಲ. ಎರಡನೆಯದು ಅರ್ಧ ಒಣಗಿದ ಎಳೆ. ಚುಂಯ್ ಎಂದಿತು. ನೋಡಲು ಮೊದಲನೆಯದಕ್ಕಿಂತ ಚೆಂದ ಬಂತು. ಅದರ ಮೇಲೂ ಅದೇ ಡಬ್ಬಿಯ ಸ್ಪ್ರೇ. ಐವತ್ತು ನಿಮಿಷದಲ್ಲಿ ಅರ್ಧ ಬಿಚ್ಚಿತು, ಮಧ್ಯಾಹ್ನದ ಊಟದ ಹೊತ್ತಿಗೆ ಬರೀ ಅಲೆ ಉಳಿಯಿತು.

"ಒಳಗ ಹಸಿ ಇತ್ತಲ್ಲ" ಎಂದರು ವೈನಿ. "ಸ್ಪ್ರೇ ಅಂದ್ರ ತೆಳ್ಳನ ಅಂಟು. ಹೊರಗಿಂದ ಅಂಟು ಒಣಗತೈತಿ, ಒಳಗಿನ ಹಸಿ ಅಲ್ಲೇ ಕುಂದರತೈತಿ. ಅದು ಆಮ್ಯಾಲ ಅಂಟನ್ನ ಮೆತ್ತಗ ಮಾಡತೈತಿ. ಮಳಿಗಾಲದಾಗ ಡಬ್ಬಿ ಮುಚ್ಚಳ ಹಾಕೂಕಿಂತ ಮೊದಲ ಥಂಡಿ ಹೊಕ್ಕಿದ್ರ ಚುರಮರಿ ಏನಾಗ್ತಾವು? ಹಂಗ."

"ಅಂದ್ರ ಅವತ್ತು ನೀವು ಹಸಿ ಕೂದಲಕ್ಕ ರಾಡು ಹಚ್ಚಿದ್ರಿ."

ವೈನಿ ರಾಡಿನ ವೈರು ಸುತ್ತುತ್ತ ಕುಳಿತರು. "ಒಂದು ಪ್ಲಗ್ಗಿತ್ತು" ಎಂದರು. "ಕರೆಂಟ್ ಹೋಗೂದಿತ್ತು."

ನನಗೆ ಅಲ್ಲಿಯೇ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಹಸಿ ಕೂದಲೇ ಕಾರಣವಾಗಿದ್ದರೆ ಕಿವಿಯ ಮುಂದಿನ ಆರೂ ಬಿಚ್ಚಬೇಕಿತ್ತು. ಮುಂದಿನ ಕೂದಲು ತೆಳ್ಳಗೆ, ಬೇಗ ಒಣಗಿರಬಹುದು ಎಂದರು ವೈನಿ. ಇರಬಹುದು. ಆದರೆ ಹಿಂದಿನ ಹದಿನಾರರಲ್ಲಿ ಒಂದೂ ಉಳಿಯಲಿಲ್ಲವಲ್ಲ? ಹನ್ನೊಂದನೆಯದರ ನಂತರದ ಹತ್ತು ನಿಮಿಷ ನನ್ನ ಲೆಕ್ಕದಲ್ಲಿ ಖಾಲಿಯೇ ಇತ್ತು.

ಕ್ಯಾಸೆಟ್ ಬಂದದ್ದು ಆಗಸ್ಟ್ ಕೊನೆಗೆ. ಮದುವೆಯ ವಿಡಿಯೋ ತೆಗೆದವರು ನಮ್ಮ ಪತ್ರಿಕೆಗೂ ಫೋಟೋ ಕೊಡುತ್ತಿದ್ದರು. ಸದಾಶಿವನಗರದವರಿಗೆ ಒಂದು ಪ್ರತಿ ತಲುಪಿಸಲು ಹೊರಟವರು, ನಾನು ಕೇಳಿದ್ದಕ್ಕೆ ಅದನ್ನು ಕಚೇರಿಯ ಟಿ.ವಿ.ಯಲ್ಲಿ ಒಮ್ಮೆ ಹಾಕಿ ತೋರಿಸಿದರು. ನೋಡಬೇಕಾದದ್ದು ಎರಡು ಕಡೆ ಇತ್ತು.

ಒಂದು: ದೇವರ ಕೋಣೆ. ಆಯಿ ದಂಡಿಯನ್ನು ಒದ್ದೆ ಬಟ್ಟೆಯಿಂದ ಬಿಡಿಸುತ್ತಾರೆ. ಹೂ ಬಾಡಿದೆ ಎಂದು ಯಾರೋ ಅನ್ನುತ್ತಾರೆ. ಆಯಿ ಅದನ್ನು ತಾಮ್ರದ ಕೊಡದಲ್ಲಿ ಮುಳುಗಿಸಿ, ಎತ್ತಿ, ಎರಡು ಸಲ ಜಾಡಿಸಿ, ನೀರು ಸೋರುತ್ತಿರುವಾಗಲೇ ತುರುಬಿನ ಸುತ್ತ ಮುಡಿಸುತ್ತಾರೆ. ಕೈಯಲ್ಲಿ ಉಳಿದ ನೀರನ್ನು ಬೆನ್ನ ಮೇಲಿನ ಗುಂಗುರುಗಳ ಮೇಲೆ ಮೇಲಿನಿಂದ ಕೆಳಗೆ ಪ್ರೀತಿಯಿಂದ ಸವರುತ್ತಾರೆ. ಕಡ್ಡಿಯಾದ ಕೂದಲು ಮೆತ್ತಗಾಗಲಿ ಎಂದಿರಬೇಕು. ಸೋದರತ್ತೆ ಪಕ್ಕದಲ್ಲೇ ನಿಂತಿದ್ದಾರೆ. ಆ ಮೇಲೆ ಸೆರಗು ಹೊದಿಸುತ್ತಾರೆ. ನಮ್ಮ ಕಡೆ ಒಣ ದಂಡಿ ಮುಡಿಸುವವರು ಯಾರೂ ಇಲ್ಲ. ನನ್ನ ಅವ್ವನೂ ಹಾಗೇ ಮುಡಿಸುತ್ತಿದ್ದಳು. ವೈನಿಗೂ ಅವರ ಮದುವೆಯಲ್ಲಿ ಹಾಗೇ ಮುಡಿಸಿದ್ದರು. ಹೂವಿಗೆ ನೀರು ಬೇಕು ಎಂದು ಎಲ್ಲರಿಗೂ ಗೊತ್ತಿತ್ತು. ಸ್ಪ್ರೇಗೆ ನೀರು ಆಗದು ಎಂದು ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದ ಒಬ್ಬರನ್ನು ಪಂಕ್ತಿಯ ಕಡೆ ಕಳಿಸಲಾಗಿತ್ತು.

ಎರಡು: ಅದಕ್ಕಿಂತ ಮೊದಲಿನ ಚಿತ್ರ, ನಮ್ಮ ಕೋಣೆ. ಕ್ಯಾಮೆರಾ ಬಾಗಿಲಲ್ಲಿ ನಿಂತಿದೆ. ನಾನು ಇಲ್ಲ, ಚಹಾಕ್ಕೆ ಹೋಗಿದ್ದೇನೆ. ವೈನಿ ಪ್ಲಾಸ್ಟಿಕ್ ಬಾಟಲಿ ಹಿಡಿದು ಮದುಮಗಳ ಹಿಂದೆ ನಿಂತು ಮೂರು ಸಲ ಒತ್ತುತ್ತಾರೆ. ನೆತ್ತಿಗೋ, ಕೆಳಗಿನ ಎಳೆಗಳಿಗೋ ಕಾಣುವುದಿಲ್ಲ. ಅವರ ಮೊಣಕೈ ಅಡ್ಡ ಬಂದಿದೆ. ನಾಲ್ಕನೆಯ ಸಲ ಕೈ ಎತ್ತುವಾಗ ಚಿತ್ರ ಕತ್ತರಿಸಿ ಮಂಟಪಕ್ಕೆ ಹೋಗುತ್ತದೆ. ಆ ತುಣುಕನ್ನು ಮೂರು ಬಾರಿ ಹಿಂದಕ್ಕೆ ಸುತ್ತಿ ನೋಡಿದೆ. ತುರುಬು ಕಟ್ಟುವ ಮೊದಲು ಎಂದು ವೈನಿ ಹೇಳಿದ್ದರು. ಚಿತ್ರದಲ್ಲಿ ತುರುಬು ಕಟ್ಟಿಯಾಗಿತ್ತು.

ಇದನ್ನು ವೈನಿಗೆ ಹೇಳಿದೆ. ಅವರು "ಮೊದಲೂ ಹೊಡದಿರಬೇಕು, ಆಮ್ಯಾಲೂ ಹೊಡದಿರಬೇಕು. ಅವತ್ತಿನ ಕೈ ನೆನಪಿಲ್ಲ" ಎಂದರು.

ಸೆಪ್ಟೆಂಬರ್ ಎರಡನೇ ವಾರ ಸೋದರತ್ತೆ ತಾವಾಗಿಯೇ ಹಿಂದವಾಡಿಗೆ ಬಂದರು. ಕೊಡೆ ಬಾಗಿಲಲ್ಲಿ ಇಟ್ಟು, ಪಾರ್ಲರಿನ ಕುರ್ಚಿಯನ್ನು ಕೈಯಿಂದ ಒಮ್ಮೆ ಒರೆಸಿ ಕುಳಿತರು. ಕೈಯಲ್ಲಿ ಎಲೆಯಲ್ಲಿ ಕಟ್ಟಿಸಿದ ಎರಡು ಮೊಳ ಮಲ್ಲಿಗೆ.

"ಕ್ಯಾಸೆಟ್ ನೋಡೇನಿ" ಎಂದರು. "ನಮ್ಮ ಆಯಿನ ದಂಡಿನೂ ಕಂಡೈತಿ, ನಿಮ್ಮ ಬಾಟಲಿನೂ ಕಂಡೈತಿ. ಯಾರ ನೀರು ಅಂತ ನನಗ ಗೊತ್ತಾಗಬೇಕು. ನನ್ನ ತಲಿಗೆ ಮಾಡ್ರಿ."

"ಈಗೇನ್ರೀ ಅಕ್ಕಾರ?"

"ಮತ್ತ ಯಾವಾಗ? ನಾ ಏನು ಮದುಮಗಳು, ಮುಹೂರ್ತ ನೋಡಾಕ?"

ವೈನಿ ಡ್ರೈಯರ್ ಹಿಡಿದರು. ಈ ಬಾರಿ ಅರ್ಧ ತಾಸು. ಕೂದಲ ಬುಡಕ್ಕೆ ಬೆರಳು ಹಾಕಿ ಹಾಕಿ ನೋಡಿದರು. ರಾಡು ಸದ್ದು ಮಾಡಲಿಲ್ಲ. ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು ಗುಂಗುರು ಮಾಡಿ ಡಬ್ಬಿಯಿಂದ ಹೊಡೆದರು. ಸೋದರತ್ತೆ ಮಲ್ಲಿಗೆಯನ್ನು ಎರಡು ತುಂಡು ಮಾಡಿ, ಒಂದನ್ನು ನಮ್ಮ ಬಚ್ಚಲ ಬಕೀಟಿನಲ್ಲಿ ತಾವೇ ಅದ್ದಿ ಬಲಕ್ಕೆ ಮುಡಿದರು. ಇನ್ನೊಂದನ್ನು ನೀರಿಗೆ ಅದ್ದದೆ ಎಡಕ್ಕೆ ಮುಡಿದರು. ಆಮೇಲೆ ಚಹಾ ಕೇಳಿದರು.

ಇಪ್ಪತ್ತು ನಿಮಿಷಕ್ಕೆ ಬಲಗಡೆ ನಾಲ್ಕೂ ಇಳಿದವು. ಎಡಗಡೆಯವು ಇದ್ದವು. ಸೋದರತ್ತೆ ಕನ್ನಡಿಯಲ್ಲಿ ಎರಡೂ ಕಡೆ ನೋಡಿಕೊಂಡರು.

"ಒಂದ ಕಡೆ ನಾನು, ಒಂದ ಕಡೆ ನಮ್ಮ ಮನಿ ಎಮ್ಮಿ ಕಂಡಂಗ ಕಾಣ್ತೀನಿ" ಎಂದರು. ನಗಲಿಲ್ಲ.

ಆಗ ವೈನಿ, ಯಾರೂ ಕೇಳದೆಯೇ, "ಅವತ್ತು ಕೂದಲ ಪೂರ್ತಿ ಒಣಗಿರಲಿಲ್ರೀ" ಎಂದರು. "ಹಸಿ ಮ್ಯಾಲ ರಾಡು ಹಚ್ಚೇನಿ. ಅದು ನನ್ನ ತಪ್ಪು. ದಂಡಿ ಹಾಕದಿದ್ರೂ ಮಧ್ಯಾಹ್ನತನಕ ನಿಂದ್ರತಿದ್ವೋ ಇಲ್ಲೋ."

ನಾನು ಬಾಗಿಲಲ್ಲಿ ನಿಂತಿದ್ದೆ. ಇದನ್ನು ಅವರು ಹೇಳಬೇಕಾದ ಅಗತ್ಯವಿರಲಿಲ್ಲ. ಪರೀಕ್ಷೆ ಅವರ ಪರವಾಗಿಯೇ ಬಂದಿತ್ತು. ಸೋದರತ್ತೆ ಚಹಾದ ಬಸಿಯನ್ನು ಕೆಳಗಿಟ್ಟರು.

"ಇದನ್ನ ಅವತ್ತ ಯಾಕ ಹೇಳಲಿಲ್ಲ?"

"ಅವತ್ತು ನೀವು ಸ್ಪ್ರೇ ಬದಲಿ ನೀರು ಹೊಡದೀನಿ ಅಂದ್ರಿ. ನಾ ಹಂಗ ಮಾಡಿರಲಿಲ್ಲ. ಅದಕ್ಕ ಉತ್ತರ ಕೊಡೂದ್ರಾಗ ಇದು ಉಳೀತು."

"ಅವತ್ತು ಒಂದು ಮುಚ್ಚಿಟ್ರಿ. ಇವತ್ತು ಒಂದು ಹೇಳಿದ್ರಿ. ಇನ್ನೂ ಏನೇನು ಐತೋ."

"ಬಾಟಲಿ ಹಿಡದ ಕೈ ನನಗ ನೆನಪಿಲ್ರೀ ಅಕ್ಕಾರ. ಸುಳ್ಳು ಹೇಳಂಗಿಲ್ಲ."

ಸೋದರತ್ತೆ ಡಬ್ಬಿಯನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು. ಕೆಳಗೆ ತಿರುವಿ ತಳ ನೋಡಿದರು. ಅದಕ್ಕೆ ನೀರು ತುಂಬುವ ದಾರಿಯೇ ಇರಲಿಲ್ಲ. ಡಬ್ಬಿಯನ್ನು ಅದು ಇದ್ದಲ್ಲಿಯೇ ಇಟ್ಟು, ಎಡಕ್ಕೆ ಗುಂಗುರು ಬಲಕ್ಕೆ ನೆಟ್ಟ ಕೂದಲಿನೊಂದಿಗೆ, ತಲೆಗೆ ಸೆರಗು ಹೊದ್ದು ಆಟೋ ಹತ್ತಿದರು.

ದೀಪಾವಳಿ ಬಂತು. ಅಣ್ಣ ಕೋಣೆಯ ವಿಷಯ ಎತ್ತಿದ. ವೈನಿ ಹಬ್ಬ ಮುಗಿಯಲಿ ಎಂದರು. ಹಬ್ಬ ಮುಗಿದ ನಾಲ್ಕನೆಯ ದಿನ ಸದಾಶಿವನಗರದಿಂದ ಫೋನ್ ಬಂತು. ಎತ್ತಿದವಳು ನಾನು.

"ನಿಮ್ಮ ವೈನಿಗೆ ಹೇಳ್ರಿ, ಹಲಸಿ ಊರಿಗೆ ಮದುವಿಗೆ ಬರಬೇಕು. ಹಿಂದಿನ ದಿನ ಸಂಜೀಕ ಬಂದು ಉಳೀಲಿ, ಮುಂಜಾನಿ ಕೂದಲ ಒಣಗಾಕ ಹೊತ್ತು ಸಿಗತೈತಿ. ಡಬ್ಬಿ ಹೊಸಾದು ತರಬೇಕು, ಸೀಲ್ ಒಡೀಲಾರದ್ದು. ಬಾಟಲಿ ತರಬಾರದು."

ನವೆಂಬರ್ ಮೂರನೇ ವಾರ ಹಲಸಿಯ ಮದುವೆ ಆಯಿತು. ಡಬ್ಬಿಯ ಸೀಲನ್ನು ಸೋದರತ್ತೆಯೇ ಒಡೆದರು. ಮೊದಲು ತಮ್ಮ ಅಂಗೈಗೆ ಹೊಡೆದು ಮೂಸಿದರು. ರಾಡು ಸದ್ದು ಮಾಡಲಿಲ್ಲ. ದಂಡಿಯನ್ನು ಬೆಳಗಿನ ಜಾವವೇ ಅದ್ದಿ ತೆಗೆದು, ಪಂಚೆಯ ಮೇಲೆ ಹರವಿ, ನೀರು ಇಂಗಿದ ಮೇಲೆ ಆಯಿ ಮುಡಿಸಿದರು. ಅದೆಲ್ಲ ಮುಗಿಯುವವರೆಗೆ ಸೋದರತ್ತೆ ಕೋಣೆಯಿಂದ ಕದಲಲಿಲ್ಲ. ಇಪ್ಪತ್ತನಾಲ್ಕು ಗುಂಗುರುಗಳಲ್ಲಿ ಸಂಜೆಯವರೆಗೆ ಬಿಚ್ಚಿದ್ದು ಮೂರು. ಪಾರ್ಲರಿನ ಕುರ್ಚಿ, ಕನ್ನಡಿ ಮುಂದಿನ ಕೋಣೆಯಲ್ಲೇ ಉಳಿದವು.

೨೦೦೧ರ ಫೆಬ್ರವರಿಯಲ್ಲಿ ಬೆಳಗಾವಿಯಲ್ಲಿ ನಡೆದ ಎರಡನೆಯ ಮದುವೆಗೂ ವೈನಿಯನ್ನೇ ಕರೆದರು. ಆ ಸಲ ಡಬ್ಬಿಯನ್ನು ಸೋದರತ್ತೆ ತಾವೇ ಕೊಂಡು ತಂದಿದ್ದರು.